ಹದಿನೈದು ದಿನದ ಬಣ್ಣ, ಸಾವಿರ ವರ್ಷದ ಜಾಡು

ಅಂಗೈಗೆ ಹಚ್ಚಿದ ಗೋರಂಟಿ ಹೆಚ್ಚೆಂದರೆ ಹದಿನೈದು ದಿನ ಇರುತ್ತದೆ. ಪಾತ್ರೆ ತಿಕ್ಕುವ, ಕಳೆ ಕೀಳುವ ಕೈಯಾದರೆ ಎಂಟೇ ದಿನ. ಕಲ್ಲಿನ ಮೇಲೆ ಕೆತ್ತಿದ ಶಾಸನ ಸಾವಿರ ವರ್ಷ ನಿಲ್ಲುತ್ತದೆ. ತಾಮ್ರಪಟ ನೆಲದಲ್ಲಿ ಹೂತಿದ್ದರೂ ಒಂದು ದಿನ ನೇಗಿಲಿಗೆ ಸಿಗುತ್ತದೆ. ಚರ್ಮದ ಮೇಲಿನ ಬಣ್ಣ ಮಾತ್ರ ಚರ್ಮದ ಜೊತೆಗೇ ಉದುರಿ ಹೋಗುತ್ತದೆ. ಹಾಗಿದ್ದ ಮೇಲೆ ಸಾವಿರ ವರ್ಷದ ಹಿಂದೆ ಬಾಗ್ದಾದಿನಲ್ಲೋ ದಮಾಸ್ಕಸ್ಸಿನಲ್ಲೋ ಒಬ್ಬ ಹೆಣ್ಣುಮಗಳು ಕೈ ಕೆಂಪು ಮಾಡಿಕೊಂಡಿದ್ದಳು ಎಂದು ಇವತ್ತು ಹೇಗೆ ಗೊತ್ತಾಗಬೇಕು?

ಈ ಪ್ರಶ್ನೆ ಹಿಡಿದು ನಾವು ಹುಡುಕುತ್ತಾ ಹೋದೆವು. ರಾಜರ ಚರಿತ್ರೆ ಹುಡುಕುವವರು ಕೋಟೆಗೆ ಹೋಗುತ್ತಾರೆ. ಗೋರಂಟಿಯ ಚರಿತ್ರೆ ಬೇಕೆಂದರೆ ಕವಿತೆಗೆ ಹೋಗಬೇಕು, ಚಿತ್ರಪಟಕ್ಕೆ ಹೋಗಬೇಕು, ವೈದ್ಯರ ಪುಸ್ತಕಕ್ಕೆ ಹೋಗಬೇಕು. ಕೊನೆಗೆ ಸರ್ಕಾರಿ ಆಜ್ಞೆಗೂ ಹೋಗಬೇಕು. ಒಂದು ಜಾಡಂತೂ ಆಕಾಶದಲ್ಲೇ ಇದೆ.

ಮೊದಲು ಗಿಡದ ಮಾತು

ಹಳೇ ಮೈಸೂರು ಕಡೆ ಗೋರಂಟಿ, ಕರಾವಳಿ ಮತ್ತು ಮಲೆನಾಡಿನಲ್ಲಿ ಮದರಂಗಿ, ಈಗ ಎಲ್ಲ ಕಡೆಯೂ ಮೆಹಂದಿ. ಅರಬ್ಬಿಯಲ್ಲಿ ಇದರ ಹೆಸರು ಹಿನ್ನಾ, ಫಾರಸಿಯಲ್ಲಿ ಹನಾ. ಬಿಸಿಲು ಎಷ್ಟಿದ್ದರೂ ತಡೆಯುವ, ಹಿಮ ಬಿದ್ದರೆ ಸಾಯುವ ಪೊದೆ ಇದು. ಅದಕ್ಕೇ ಈಜಿಪ್ಟ್, ಯೆಮನ್, ದಕ್ಷಿಣ ಇರಾನ್, ನಮ್ಮ ದಖ್ಖನ್ ಎಲ್ಲ ಕಡೆಯೂ ಒಗ್ಗಿಕೊಂಡಿದೆ. ಇರಾನಿನ ಕೆರ್ಮಾನ್ ಸೀಮೆಯಲ್ಲಿ ಬೆಳೆದ ಎಲೆ ಯಜ್ದ್ ನಗರಕ್ಕೆ ಹೋಗುತ್ತಿತ್ತು. ಅಲ್ಲಿ ದೊಡ್ಡ ದೊಡ್ಡ ಬೀಸುಕಲ್ಲುಗಳಲ್ಲಿ ಅದನ್ನು ಅರೆದು ಪುಡಿ ಮಾಡುತ್ತಿದ್ದರು.

ಎಲೆಯೊಳಗೆ ಲಾಸೋನ್ ಎಂಬ ಬಣ್ಣದ ಅಂಶ ಇದೆ. ಎಲೆ ಅರೆದಾಗ ಅದು ಹೊರಗೆ ಬಂದು ನಮ್ಮ ಚರ್ಮ, ಉಗುರು, ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ತೊಳೆದ ತಕ್ಷಣ ಕಿತ್ತಳೆ ಬಣ್ಣ, ಒಂದೆರಡು ದಿನ ಕಳೆದರೆ ಕಡುಗೆಂಪು. ಚರ್ಮದ ಮೇಲ್ಪದರ ಉದುರಿದಂತೆ ಬಣ್ಣವೂ ಹೋಗುತ್ತದೆ. ಉಗುರಿನ ಬಣ್ಣ ಮಾತ್ರ ಉಗುರು ಬೆಳೆದು ಕತ್ತರಿಸುವವರೆಗೆ ನಿಲ್ಲುತ್ತದೆ.

ಇಲ್ಲೇ ಒಂದು ಎಚ್ಚರಿಕೆಯ ಮಾತು. ಅಪ್ಪಟ ಗೋರಂಟಿ ಚರ್ಮವನ್ನು ಹತ್ತು ನಿಮಿಷದಲ್ಲಿ ಕಪ್ಪು ಮಾಡುವುದಿಲ್ಲ. ಜಾತ್ರೆಯಲ್ಲಿ ‘ಬ್ಲ್ಯಾಕ್ ಮೆಹಂದಿ’ ಎಂದು ಮಾರುವ ಕೋನುಗಳಲ್ಲಿ ಹಲವು ಸಲ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ. ಅದರಿಂದ ಕೈ ಬೊಬ್ಬೆ ಬಂದು ಕಲೆ ಉಳಿದ ಮಕ್ಕಳಿದ್ದಾರೆ. ಹಿಂದಿನ ಕಾಲದವರಿಗೂ ಕಪ್ಪು ಬೇಕಾಗುತ್ತಿತ್ತು. ಆದರೆ ಅದು ತಲೆಗೂದಲಿಗೆ, ಗಡ್ಡಕ್ಕೆ. ಅದಕ್ಕೆ ಅವರು ಗೋರಂಟಿಯ ಜೊತೆ ನೀಲಿ ಗಿಡದ ಎಲೆಯಂಥದ್ದನ್ನು ಸೇರಿಸುತ್ತಿದ್ದರು.

ಕೈ ಕಂಡ ಕವಿಗಳು

ಅರಬ್ಬಿ ಕವಿತೆಯಲ್ಲಿ ಬಣ್ಣ ಹಚ್ಚಿದ ಬೆರಳು ಇಸ್ಲಾಂ ಹುಟ್ಟುವ ಮೊದಲೇ ಬಂದಿದೆ. ಆರನೇ ಶತಮಾನದ ಅನ್-ನಾಬಿಗಾ ಎಂಬ ಕವಿ ಹೀರಾ ಪಟ್ಟಣದ ರಾಜನ ಆಸ್ಥಾನದಲ್ಲಿದ್ದ. ರಾಜನ ಹೆಂಡತಿಯ ಮೇಲೆ ಒಂದು ಪದ್ಯ ಕಟ್ಟಿದ. ಅದರಲ್ಲಿ ಅವಳ ಬಣ್ಣದ ಬೆರಳತುದಿಗಳನ್ನು ಅನಮ್ ಎಂಬ ಗಿಡದ ಮೆತ್ತನೆಯ ಕೆಂಪಿಗೆ ಹೋಲಿಸಿದ. ಆ ಪದ್ಯದಿಂದಲೇ ರಾಜನ ಸಿಟ್ಟಿಗೆ ಗುರಿಯಾಗಿ ಅವನು ಆಸ್ಥಾನ ಬಿಟ್ಟು ಓಡಬೇಕಾಯಿತು ಎಂಬ ಕಥೆ ಹಳೆಯ ಅರಬ್ಬಿ ಪುಸ್ತಕಗಳಲ್ಲಿ ಇದೆ. ಕಥೆ ಎಷ್ಟು ನಿಜವೋ, ಹೋಲಿಕೆ ಮಾತ್ರ ಉಳಿಯಿತು. ಮುಂದಿನ ನೂರಾರು ವರ್ಷ ಕವಿಗಳು ಅದನ್ನೇ ತಿರುಗಿಸಿ ಮುರುಗಿಸಿ ಬಳಸಿದರು.

ಮೆಕ್ಕಾದ ಉಮರ್ ಇಬ್ನ್ ಅಬೀ ರಬೀಆ ಹುಟ್ಟಿದ್ದು 644ರಲ್ಲಿ. ಪ್ರೇಮ ಕವಿತೆಯಲ್ಲಿ ದೊಡ್ಡ ಹೆಸರು. ಹಜ್ ಯಾತ್ರೆಗೆ ಬಂದ ಹೆಂಗಸೊಬ್ಬಳು ಶಾಸ್ತ್ರದಂತೆ ಕಲ್ಲು ಎಸೆಯುವಾಗ ಅವಳ ತೋಳು ಸ್ವಲ್ಪ ಕಂಡು, ಬಣ್ಣದ ಅಂಗೈ ಕಂಡು, ಎಸೆದ ಕಲ್ಲಿನ ಲೆಕ್ಕವೇ ತಪ್ಪಿಹೋದ ಪ್ರಸಂಗ ಅವನ ಹೆಸರಿನ ಪದ್ಯದಲ್ಲಿದೆ. ಮೈಯೆಲ್ಲ ಮುಚ್ಚಿದ ಜಾಗದಲ್ಲಿ ಕಾಣುವುದು ಕೈ ಒಂದೇ. ಅದಕ್ಕೇ ಕವಿತೆಯ ಭಾರವೆಲ್ಲ ಕೈಯ ಮೇಲೆ ಬಿತ್ತು.

ನಮಗೆ ಬಹಳ ಇಷ್ಟವಾದವನು ಹತ್ತನೇ ಶತಮಾನದ ದಮಾಸ್ಕಸ್ಸಿನ ಅಲ್-ವಅವಾ. ಇವನು ಅರಮನೆಯಲ್ಲಿ ಹುಟ್ಟಿದವನಲ್ಲ. ಹಣ್ಣಿನ ಮಂಡಿಯಲ್ಲಿ ನಿಂತು ಕೂಗಿ ಹಣ್ಣು ಮಾರಿಸುವ ಕೆಲಸ ಅವನದು. ಅವನ ಒಂದು ಪದ್ಯ ಅರಬ್ಬಿ ಅಲಂಕಾರಶಾಸ್ತ್ರದ ಪಾಠಗಳಲ್ಲಿ ಇವತ್ತಿಗೂ ಉದಾಹರಣೆ. ಅಳುತ್ತಿರುವ ಹೆಣ್ಣನ್ನು ಅವನು ಹೋಲಿಕೆಗಳಲ್ಲೇ ಚಿತ್ರಿಸುತ್ತಾನೆ. ಅದರಲ್ಲಿ ಕಣ್ಣೀರು ಮುತ್ತು, ಹಲ್ಲು ಆಲಿಕಲ್ಲು, ಗೋರಂಟಿ ಹಚ್ಚಿದ ಬೆರಳತುದಿ ಎಲಚಿ ಜಾತಿಯ ಕೆಂಪು ಹಣ್ಣು. ನಮ್ಮ ಬೇಲಿ ಸಾಲಿನ ಎಲಚಿ, ಉತ್ತರ ಕರ್ನಾಟಕದವರ ಬಾರಿ ಹಣ್ಣು ಇದೆಯಲ್ಲ, ಅದರ ಹತ್ತಿರದ ನೆಂಟ ಆ ಹಣ್ಣು. ಮಂಡಿಯಲ್ಲಿ ದಿನವೂ ಹಣ್ಣು ನೋಡಿದವನಿಗೆ ಬೆರಳತುದಿ ಹಣ್ಣಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಹೋಲಿಕೆಗಳಿಂದ ಚರಿತ್ರೆಗೆ ಒಂದು ಸುಳಿವು ಸಿಗುತ್ತದೆ. ಕವಿಗಳು ಹಣ್ಣು ಎಂದರು, ಕೆಂಪು ಚಿಗುರು ಎಂದರು. ಅಂದರೆ ಅವರ ಕಣ್ಣಿಗೆ ಬಿದ್ದದ್ದು ತುದಿಯಿಡೀ ಕೆಂಪಾದ ಬೆರಳು, ಅದ್ದಿ ತೆಗೆದಂಥ ಬಣ್ಣ. ಇವತ್ತಿನ ಕೋನು ಹಿಡಿದು ಬಿಡಿಸುವ ಬಳ್ಳಿ, ನವಿಲು, ಜಾಲರಿ ಈ ಪದ್ಯಗಳಲ್ಲಿಲ್ಲ. ನಮ್ಮ ಅಜ್ಜಿಯರು ಎಲೆ ಅರೆದು ಬೆರಳಿಗೆ ಟೋಪಿಯಂತೆ ಹಾಕಿ, ಅಂಗೈ ನಡುವೆ ಒಂದು ದುಂಡು ಬೊಟ್ಟು ಇಡುತ್ತಿದ್ದರಲ್ಲ, ಕವಿಗಳು ಕಂಡದ್ದು ಅದಕ್ಕೇ ಹತ್ತಿರ.

ಹಾಗೆಂದು ಚಿತ್ತಾರವೇ ಇರಲಿಲ್ಲ ಎಂದಲ್ಲ. ಫಾರಸಿಯಲ್ಲಿ ನಿಗಾರ್ ಎಂಬ ಮಾತಿದೆ. ಚಿತ್ರ ಎಂದೂ ಅರ್ಥ, ಪ್ರಿಯತಮೆ ಎಂದೂ ಅರ್ಥ, ಹೆಣ್ಣಿನ ಕೈಕಾಲಿಗೆ ಗೋರಂಟಿಯಲ್ಲಿ ಬರೆದ ಚಿತ್ತಾರ ಎಂದೂ ಅರ್ಥ. ಒಂದೇ ಶಬ್ದದಲ್ಲಿ ಮೂರೂ ಕೂತಿರುವುದರಿಂದ ಫಾರಸಿ ಕವಿಗಳಿಗೆ ಹಬ್ಬ. ಇನ್ನೊಂದು ಮಾತು ಫಾರಸಿಯಿಂದ ಉರ್ದುವಿನವರೆಗೆ ಬೆಳೆದು ಬಂತು: ಪ್ರಿಯತಮೆಯ ಅಂಗೈ ಕೆಂಪಾಗಿರುವುದು ಗೋರಂಟಿಯಿಂದಲ್ಲ, ಅವಳಿಗಾಗಿ ಸತ್ತವರ ರಕ್ತದಿಂದ ಎಂಬ ದೂರು.

ಅಂಗೈ ಮೇಲೆ ಬರೆದ ಪದ್ಯ

ಬಾಗ್ದಾದಿನಲ್ಲಿ ಅಲ್-ವಶ್ಶಾ ಎಂಬ ವಿದ್ವಾಂಸ ಇದ್ದ. ತೀರಿಕೊಂಡದ್ದು 937ರ ಸುಮಾರಿಗೆ. ನಾಜೂಕಿನ ಜನ ಹೇಗೆ ಉಡಬೇಕು, ಹೇಗೆ ಉಣ್ಣಬೇಕು, ಹೇಗೆ ಪ್ರೀತಿಸಬೇಕು ಎಂದು ‘ಅಲ್-ಮುವಶ್ಶಾ’ ಎಂಬ ಪುಸ್ತಕ ಬರೆದ. ಅದರಲ್ಲಿ ಆ ಕಾಲದವರು ಎಲ್ಲೆಲ್ಲಿ ಪದ್ಯ ಬರೆಸಿಕೊಳ್ಳುತ್ತಿದ್ದರು ಎಂಬ ಪಟ್ಟಿಯೇ ಇದೆ. ಬಟ್ಟೆಯ ಅಂಚು, ದಿಂಬು, ಬಟ್ಟಲು, ಹಾಗೆಯೇ ಹೆಣ್ಣಿನ ಕೆನ್ನೆ, ಪಾದ, ಅಂಗೈ. ಕೆನ್ನೆಗೆ ಸುಗಂಧದ ಲೇಪ, ಅಂಗೈಗೆ ಗೋರಂಟಿ.

ಒಂದು ನಿಮಿಷ ನಿಲ್ಲೋಣ. ಆ ಅಂಗೈ ಯಾರದು?

ಹೆಚ್ಚಿನ ಸಲ ಅದು ಹಾಡುಗಾರ್ತಿ ದಾಸಿಯದು. ಖಿಯಾನ್ ಎಂದು ಇವರನ್ನು ಕರೆಯುತ್ತಿದ್ದರು. ಸಂಗೀತ, ಕವಿತೆ, ಮಾತುಗಾರಿಕೆ ಎಲ್ಲ ಕಲಿಸಿ ದೊಡ್ಡ ಬೆಲೆಗೆ ಮಾರುತ್ತಿದ್ದರು. ಅವರಲ್ಲಿ ಅರೀಬಳಂಥವರು ಆಸ್ಥಾನದಲ್ಲಿ ಹೆಸರು ಮಾಡಿದರು, ಸ್ವತಃ ಪದ್ಯ ಕಟ್ಟಿದರು. ಆದರೂ ಆ ಬದುಕಿನ ಬುಡದಲ್ಲಿ ಸಂತೆ ಇತ್ತು. ಹನ್ನೊಂದನೇ ಶತಮಾನದ ಬಾಗ್ದಾದಿನ ವೈದ್ಯ ಇಬ್ನ್ ಬುತ್ಲಾನ್ ದಾಸರನ್ನು ಕೊಳ್ಳುವವರಿಗೆ ಒಂದು ಕೈಪಿಡಿ ಬರೆದಿದ್ದಾನೆ. ವ್ಯಾಪಾರಿಗಳು ಕೂದಲಿಗೆ ಬಣ್ಣ ಹಚ್ಚಿ, ಮೈಬಣ್ಣ ತಿದ್ದಿ ಹೇಗೆ ಮೋಸ ಮಾಡುತ್ತಾರೆ ಎಂದು ಎಚ್ಚರಿಸುತ್ತಾನೆ. ದನದ ಜಾತ್ರೆಯಲ್ಲಿ ಕೋಡಿಗೆ ಬಣ್ಣ ಬಳಿದು ವಯಸ್ಸು ಮುಚ್ಚುವುದನ್ನು ಕಂಡವರಿಗೆ ಈ ಸಾಲುಗಳು ಕರುಳು ಹಿಂಡುತ್ತವೆ. ಇಲ್ಲಿ ನಿಂತಿದ್ದದ್ದು ಮನುಷ್ಯರು.

ಹಾಗಾಗಿ ಆ ಕಾಲದ ಸೊಗಸಾದ ಪದ್ಯ ಓದುವಾಗ ಎರಡು ಕಣ್ಣಿಟ್ಟು ಓದಬೇಕು ಎಂದು ನಮಗನ್ನಿಸಿತು. ಒಂದು ಕಣ್ಣು ಬಣ್ಣದ ಮೇಲೆ, ಇನ್ನೊಂದು ಕಣ್ಣು ಆ ಕೈಗೆ ಬಣ್ಣ ಹಚ್ಚಲು ಹೇಳಿದವರ ಮೇಲೆ. ಬರೆದವರು ಬಹುಪಾಲು ಗಂಡಸರು. ಎಲೆ ಕಿತ್ತವಳು, ಅರೆದವಳು, ರಾತ್ರಿಯಿಡೀ ಕೂತು ಇನ್ನೊಬ್ಬಳ ಕೈಗೆ ಹಚ್ಚಿದವಳು, ಇವರ ಹೆಸರು ಆ ಪುಸ್ತಕಗಳಲ್ಲಿ ಸಿಗುವುದು ಬಹಳ ಅಪರೂಪ.

ಆಕಾಶದಲ್ಲಿ ಒಂದು ಗೋರಂಟಿ ಕೈ

ನವೆಂಬರ್, ಡಿಸೆಂಬರ್ ತಿಂಗಳಲ್ಲಿ ರಾಗಿ ಕಣದ ಕೆಲಸ ಮುಗಿಸಿ ಸಂಜೆ ಹೊತ್ತು ಉತ್ತರ ದಿಕ್ಕಿಗೆ ನೋಡಿ. ಐದು ನಕ್ಷತ್ರ ಸೇರಿ ಇಂಗ್ಲಿಷಿನ ‘ಎಂ’ ಅಕ್ಷರದಂತೆ ಕಾಣುತ್ತವೆ. ಕ್ಯಾಸಿಯೋಪಿಯಾ ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಹಳೆಯ ಅರಬ್ಬರು ಅದನ್ನು ಅಲ್-ಕಫ್ ಅಲ್-ಖದೀಬ್ ಎಂದು ಕರೆದರು. ಬಣ್ಣ ಹಚ್ಚಿದ ಅಂಗೈ ಎಂದು ಅರ್ಥ.

ಆ ಕೈ ಯಾರದು ಎಂದರೆ ನಮ್ಮ ಕೃತ್ತಿಕೆಯದು. ಅರಬ್ಬಿಯಲ್ಲಿ ಕೃತ್ತಿಕೆ ಹೆಣ್ಣು, ಹೆಸರು ಸುರಯ್ಯಾ. ಅವಳ ಒಂದು ತೋಳು ಆಕಾಶದುದ್ದಕ್ಕೂ ಚಾಚಿ ಈ ಬಣ್ಣದ ಅಂಗೈಯಲ್ಲಿ ಮುಗಿಯುತ್ತದೆ. ಇನ್ನೊಂದು ಕಡೆಯ ಕೈ ಮೊಂಡು. ಇರಾನಿನಲ್ಲಿ ಬದುಕಿದ್ದ ಖಗೋಳಜ್ಞ ಅಬ್ದುರ್ರಹಮಾನ್ ಅಸ್-ಸೂಫಿ 964ರ ಸುಮಾರಿಗೆ ಬರೆದ ‘ಸ್ಥಿರ ನಕ್ಷತ್ರಗಳ ಪುಸ್ತಕ’ದಲ್ಲಿ ಗ್ರೀಕರ ನಕ್ಷತ್ರ ಚಿತ್ರಗಳ ಜೊತೆಗೆ ಮರುಭೂಮಿಯ ಅರಬ್ಬರ ಇಂಥ ಹೆಸರುಗಳನ್ನೂ ಸೇರಿಸಿ ಕಾಪಾಡಿದ. ಇವತ್ತಿಗೂ ಆ ಗುಂಪಿನ ಒಂದು ನಕ್ಷತ್ರಕ್ಕೆ ವಿಜ್ಞಾನಿಗಳು ಬಳಸುವ ಹೆಸರು ಕ್ಯಾಫ್. ಕಫ್, ಅಂದರೆ ಅಂಗೈ.

ಚರ್ಮದ ಮೇಲೆ ಹದಿನೈದು ದಿನ ನಿಲ್ಲದ ಬಣ್ಣ ಹೀಗೆ ಆಕಾಶದ ನಕ್ಷೆಯಲ್ಲಿ ಸಾವಿರ ವರ್ಷದಿಂದ ಇದೆ.

ಧರ್ಮ, ಮದ್ದು, ಮುಪ್ಪು

ಪ್ರವಾದಿಯವರ ನಡೆನುಡಿಯನ್ನು ಸಂಗ್ರಹಿಸಿದ ಹದೀಸ್ ಗ್ರಂಥಗಳಲ್ಲಿ ಗೋರಂಟಿ ಮತ್ತೆ ಮತ್ತೆ ಬರುತ್ತದೆ. 889ರಲ್ಲಿ ತೀರಿಕೊಂಡ ಅಬೂ ದಾವೂದ್ ಅವರ ಸಂಗ್ರಹದಲ್ಲಿ ನರೆಗೂದಲಿಗೆ ಗೋರಂಟಿ ಒಳ್ಳೆಯದು ಎಂಬ ಮಾತಿದೆ. ಕಾಲು ನೋವಿಗೆ ಹಚ್ಚಿಕೊಳ್ಳಿ ಎಂಬ ಮಾತಿದೆ. ಗಂಡ ತೀರಿಕೊಂಡವಳು ಶೋಕದ ನಾಲ್ಕು ತಿಂಗಳು ಹತ್ತು ದಿನ ಕಾಡಿಗೆ, ಬಣ್ಣ ಬಳಸಬಾರದು ಎಂಬ ಮಾತೂ ಇದೆ. ಬಣ್ಣ ಸಂತೋಷದ ಗುರುತು, ಬಣ್ಣ ಇಲ್ಲದಿರುವುದು ದುಃಖದ ಗುರುತು. ಈ ಲೆಕ್ಕ ನಮ್ಮ ಊರುಗಳಿಗೆ ಹೊಸದಲ್ಲ. ಆದರೆ ಅಲ್ಲಿ ಅದಕ್ಕೆ ಒಂದು ಕೊನೆಯ ದಿನ ಇತ್ತು ಎಂಬುದನ್ನು ಗಮನಿಸಬೇಕು.

ವೈದ್ಯರೂ ಗೋರಂಟಿಯನ್ನು ಬಿಡಲಿಲ್ಲ. ಇಬ್ನ್ ಸೀನಾನ ದೊಡ್ಡ ವೈದ್ಯ ಗ್ರಂಥ ಮುಗಿದದ್ದು 1025ರ ಸುಮಾರಿಗೆ. ಅದರ ಮದ್ದಿನ ಪಟ್ಟಿಯಲ್ಲಿ ಗೋರಂಟಿ ಇದೆ. ಸ್ಪೇನಿನ ಮಲಗಾದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಅಲ್-ಬೈತಾರನ ಮೂಲಿಕೆಗಳ ಕೋಶದಲ್ಲೂ ಇದೆ.

ಮುಪ್ಪಿನ ಕವಿತೆಗಳದ್ದೇ ಒಂದು ರಾಶಿ. ಬಾಗ್ದಾದಿನ ಅಶ್-ಶರೀಫ್ ಅಲ್-ಮುರ್ತಜಾ, 1044ರಲ್ಲಿ ತೀರಿಕೊಂಡವರು, ನರೆಗೂದಲು ಮತ್ತು ಯೌವನ ಎಂಬ ವಿಷಯಕ್ಕೇ ಒಂದು ಇಡೀ ಪುಸ್ತಕ ಮೀಸಲಿಟ್ಟರು. ಬಣ್ಣ ಹಚ್ಚಿ ವಯಸ್ಸು ಮುಚ್ಚುವ ಗಂಡಸು ಹೆಣ್ಣಿನ ಕೈಲಿ ಸಿಕ್ಕಿಬೀಳುವ ತಮಾಷೆ ಅರಬ್ಬಿ ಕವಿತೆಯಲ್ಲಿ ಸಾಮಾನ್ಯ. ಕೂದಲಿಗೆ ಬಣ್ಣ ಹಚ್ಚುವ ನಮ್ಮ ಗಂಡಸರು ಒಬ್ಬಂಟಿಗಳಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು.

ಚಿತ್ರಪಟದಲ್ಲಿ ಬೆರಳು ಹುಡುಕುವುದು

ಈಗ ಜಗತ್ತಿನ ದೊಡ್ಡ ಮ್ಯೂಸಿಯಂಗಳು ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ತೋರಿಸುತ್ತವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅಂಥದ್ದೊಂದು. ಫೋನಿನಲ್ಲೇ ಒಂದು ಇರಾನಿ ಚಿತ್ರ ತೆರೆದು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿ. ಮುಖ ನೋಡಬೇಡಿ, ಕೈ ನೋಡಿ, ಕಾಲು ನೋಡಿ. ಹದಿನಾರು, ಹದಿನೇಳನೇ ಶತಮಾನದ ಸಫವಿ ಕಾಲದ ಚಿತ್ರಗಳಲ್ಲಿ ಅಕ್ಕಿಕಾಳಿನಷ್ಟು ಬೆರಳಿನ ತುದಿಗೆ ಕಿತ್ತಳೆ ಕೆಂಪು ಹಚ್ಚಿರುವುದು ಕಾಣುತ್ತದೆ. ಕುದುರೆಗಳನ್ನೂ ನೋಡಿ. ಕೆಲವು ಬಿಳಿ ಕುದುರೆಗಳಿಗೆ ಮಂಡಿಯಿಂದ ಕೆಳಗೆ, ಬಾಲಕ್ಕೆ ಕೆಂಪು ಬಣ್ಣ. ಇದು ಚಿತ್ರಕಾರನ ಕಲ್ಪನೆಯಲ್ಲ. ಇರಾನಿನಲ್ಲೂ ಮೊಘಲರಲ್ಲೂ ಮೆರವಣಿಗೆಯ ಕುದುರೆಗೆ ಗೋರಂಟಿ ಹಚ್ಚುವ ಪದ್ಧತಿಯೇ ಇತ್ತು.

ನಮ್ಮ ನೆಲಕ್ಕೂ ಈ ಜಾಡು ಬರುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1580ರಿಂದ 1627ರವರೆಗೆ ಬಿಜಾಪುರ ಆಳಿದ. ಸಂಗೀತದ ಹುಚ್ಚಿನ ಆ ಸುಲ್ತಾನನ ಕಾಲದಲ್ಲಿ ಬಿಜಾಪುರದ ಚಿತ್ರಕಾರರು ಇರಾನಿನ ಕುಂಚವನ್ನೂ ದಖ್ಖನದ ಬಣ್ಣವನ್ನೂ ಬೆರೆಸಿದರು. ದಖ್ಖನಿ ಚಿತ್ರಗಳ ಹೆಣ್ಣುಗಳಲ್ಲೂ ಕೆಂಪು ಬೆರಳತುದಿ, ಕೆಂಪು ಅಂಗೈ ಕಾಣುತ್ತದೆ.

ಇಲ್ಲಿ ಹುಡುಕುವವರು ಆತುರ ಪಡಬಾರದು. ಕೆಂಪಾಗಿದ್ದದ್ದೆಲ್ಲ ಗೋರಂಟಿಯಲ್ಲ. ನಮ್ಮ ದೇಶದಲ್ಲಿ ಅರಗಿನ ಕೆಂಪನ್ನೂ ಪಾದಕ್ಕೆ ಹಚ್ಚುತ್ತಿದ್ದರು. ಚಿತ್ರದ ಬಣ್ಣ ಕಾಲ ಕಳೆದಂತೆ ಬದಲಾಗುತ್ತದೆ. ಚಿತ್ರಕಾರ ಎದುರಿಗಿದ್ದದ್ದನ್ನೇ ಬರೆದ ಎನ್ನುವಂತಿಲ್ಲ, ಗುರುವಿನಿಂದ ಕಲಿತ ಮಾದರಿಯನ್ನೂ ಬರೆಯುತ್ತಿದ್ದ. ಆದ್ದರಿಂದ ಒಂದು ಚಿತ್ರ ಸಾಕ್ಷಿಯಲ್ಲ. ಚಿತ್ರ, ಕವಿತೆ, ವೈದ್ಯ ಗ್ರಂಥ ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ನಂಬಬಹುದು.

ಮದುವೆಯ ಬಣ್ಣ, ಮರಣದ ಬಣ್ಣ

1502ರ ಸುಮಾರಿಗೆ ಹೆರಾತಿನಲ್ಲಿ ಹುಸೇನ್ ವಾಯಿಜ್ ಕಾಶಿಫಿ ಎಂಬವರು ಕರ್ಬಲಾದ ಹುತಾತ್ಮರ ಕಥೆಯನ್ನು ಫಾರಸಿಯಲ್ಲಿ ‘ರೌಜತುಶ್ ಶುಹದಾ’ ಎಂಬ ಹೆಸರಿನಲ್ಲಿ ಬರೆದರು. ಯುದ್ಧಭೂಮಿಯಲ್ಲೇ ಮದುವೆಯಾಗಿ ಅಲ್ಲೇ ಸತ್ತ ಹುಡುಗ ಖಾಸಿಮನ ಕಥೆ ಜನಪ್ರಿಯವಾದದ್ದು ಆ ಪುಸ್ತಕದಿಂದ. ಅಲ್ಲಿಂದ ಮೊಹರಂ ಏಳನೇ ದಿನ ಖಾಸಿಮನ ಹೆಸರಿನಲ್ಲಿ ಮೆಹಂದಿ ಒಯ್ಯುವ ಪದ್ಧತಿ ಬೆಳೆಯಿತು. ಹೈದರಾಬಾದ್, ಲಖನೌಗಳಲ್ಲಿ ಅದು ಇವತ್ತಿಗೂ ಇದೆ. ಅಲೈ ದೇವರ ಮುಂದೆ ಕರ್ಬಲಾದ ಪದ ಕೇಳುತ್ತಾ ಬೆಳೆದ ನಮ್ಮ ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮದುಮಗನ ಬಣ್ಣವೇ ಶೋಕದ ಬಣ್ಣವಾಯಿತು.

ಬಣ್ಣವೇ ಅಪರಾಧವಾದಾಗ

ಈ ಹುಡುಕಾಟದಲ್ಲಿ ನಮ್ಮನ್ನು ಬಹಳ ಕಾಡಿದ್ದು ಸ್ಪೇನಿನ ಕಥೆ. ಅಲ್ಲಿ ನೂರಾರು ವರ್ಷ ಮುಸ್ಲಿಂ ಆಳ್ವಿಕೆ ಇತ್ತು. ಸ್ಪೇನ್ ಭಾಷೆಯಲ್ಲಿ ಗೋರಂಟಿಗೆ ಅಲೆನ್ಯಾ ಎನ್ನುತ್ತಾರೆ, ಅದು ಅರಬ್ಬಿಯ ಅಲ್-ಹಿನ್ನಾ ಎಂಬುದೇ.

1492ರಲ್ಲಿ ಗ್ರಾನಡಾ ಕ್ರೈಸ್ತ ರಾಜರ ಕೈಸೇರಿತು. ನಿಮ್ಮ ಧರ್ಮ, ನಿಮ್ಮ ಪದ್ಧತಿ ನಿಮಗೆ ಎಂದು ಒಪ್ಪಂದದಲ್ಲಿ ಮಾತು ಕೊಟ್ಟಿದ್ದರು. ಹತ್ತು ವರ್ಷದೊಳಗೆ ಆ ಮಾತು ಮುರಿದು ಜನರನ್ನು ಬಲವಂತವಾಗಿ ಮತಾಂತರ ಮಾಡಿದರು. ಹಾಗೆ ಕ್ರೈಸ್ತರಾದವರನ್ನು ಮೊರಿಸ್ಕೋ ಎಂದು ಕರೆದರು. ಮತಾಂತರವಾದ ಮೇಲೂ ಅನುಮಾನ ಹೋಗಲಿಲ್ಲ. ಏನು ಉಡುತ್ತಾರೆ, ಯಾವ ಭಾಷೆ ಆಡುತ್ತಾರೆ, ಯಾವಾಗ ಸ್ನಾನ ಮಾಡುತ್ತಾರೆ ಎಂದು ನೋಡತೊಡಗಿದರು. ಮದುವೆಗೆ ಕೈ ಕೆಂಪು ಮಾಡಿಕೊಂಡದ್ದೂ ಧರ್ಮ ವಿಚಾರಣೆಯ ಕೋರ್ಟಿನಲ್ಲಿ ಗುಟ್ಟಾಗಿ ಮುಸ್ಲಿಮರಾಗಿದ್ದಾರೆ ಎಂಬುದಕ್ಕೆ ಸಾಕ್ಷಿಯಾಯಿತು.

1567ರ ಜನವರಿ 1ರಂದು ರಾಜ ಎರಡನೇ ಫಿಲಿಪ್ಪನ ಆಜ್ಞೆಯನ್ನು ಗ್ರಾನಡಾದಲ್ಲಿ ಸಾರಿದರು. ಅರಬ್ಬಿ ಮಾತು, ಹಳೆಯ ಉಡುಪು, ಸ್ನಾನದ ಮನೆ, ಗೋರಂಟಿ ಎಲ್ಲಕ್ಕೂ ನಿಷೇಧ.

ಆಗ ಫ್ರಾನ್ಸಿಸ್ಕೊ ನುನ್ಯೆಸ್ ಮುಲೇ ಎಂಬ ವೃದ್ಧ ಮೊರಿಸ್ಕೋ ಅಧಿಕಾರಿಗಳಿಗೆ ಒಂದು ಅರ್ಜಿ ಬರೆದ. ಹುಡುಗನಾಗಿದ್ದಾಗ ಗ್ರಾನಡಾದ ಮೊದಲ ಆರ್ಚ್‌ಬಿಷಪ್ಪರ ಮನೆಯಲ್ಲೇ ಸೇವೆ ಮಾಡಿದ್ದವನು ಅವನು. ಅವನ ವಾದದ ತಿರುಳು ಸರಳ: ಇವೆಲ್ಲ ಊರಿನ ರೂಢಿ, ಧರ್ಮದ ಶಾಸ್ತ್ರವಲ್ಲ. ಪೂರ್ವ ದೇಶದ ಕ್ರೈಸ್ತರು ಅರಬ್ಬಿ ಮಾತಾಡುತ್ತಾರೆ, ಆದರೂ ಕ್ರೈಸ್ತರೇ. ಗೋರಂಟಿ ತಲೆಯ ಕೊಳೆ ತೆಗೆಯುತ್ತದೆ, ಮೈಗೆ ಒಳ್ಳೆಯದು, ಅದರಲ್ಲಿ ಪಾಪ ಏನಿದೆ? ಹಿಂದೆ ಗ್ವಾದಿಕ್ಸಿನ ಬಿಷಪ್ ಅಂತೋನಿಯೊ ದೆ ಗೆವಾರಾ ಹೆಂಗಸರ ಕೂದಲು ಕತ್ತರಿಸಿ, ಕೈಯ ಗೋರಂಟಿ ಕೆರೆದು ತೆಗೆಸಲು ಹೊರಟಾಗ ಜನ ದೂರು ಹೇಳಿಕೊಂಡು ಬಂದದ್ದನ್ನೂ ನೆನಪಿಸಿದ.

ಕೆರೆದು ತೆಗೆಸುವುದು! ಗೋರಂಟಿ ಕೆರೆದರೆ ಹೋಗುವುದಿಲ್ಲ. ಚರ್ಮ ಹೋಗುತ್ತದೆ.

ಅರ್ಜಿ ಗೆಲ್ಲಲಿಲ್ಲ. 1568ರ ಕೊನೆಯಲ್ಲಿ ಅಲ್ಪುಹಾರಾ ಬೆಟ್ಟಗಳಲ್ಲಿ ದಂಗೆ ಎದ್ದಿತು, ಎರಡು ವರ್ಷಕ್ಕೂ ಹೆಚ್ಚು ಕಾಲ ರಕ್ತ ಹರಿಯಿತು. 1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಮೊರಿಸ್ಕೋಗಳನ್ನು ದೇಶದಿಂದಲೇ ಹೊರಗೆ ಅಟ್ಟಿದರು. ಬಹಳ ಜನ ಸಮುದ್ರ ದಾಟಿ ಮೊರಾಕೊ, ಅಲ್ಜೀರಿಯಾ, ಟ್ಯುನೀಷಿಯಾ ಸೇರಿದರು. ಅಲ್ಲಿ ಕೈಗೆ ಗೋರಂಟಿ ಹಚ್ಚಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಯಾರದು ಈ ಬಣ್ಣ?

ಇವತ್ತು ನಮ್ಮ ಫೋನುಗಳಿಗೂ ಇಂಥ ಪ್ರಶ್ನೆಗಳು ಬರುತ್ತವೆ. ಮೆಹಂದಿ ಯಾವ ಧರ್ಮದ್ದು, ಯಾರು ಹಚ್ಚಬೇಕು, ಯಾರ ಕೈಲಿ ಹಚ್ಚಿಸಿಕೊಳ್ಳಬಾರದು ಎಂಬ ಫಾರ್ವರ್ಡ್‌ಗಳು ಹಬ್ಬದ ಹೊತ್ತಿಗೆ ಸರಿಯಾಗಿ ಬರುತ್ತವೆ. ಅವಕ್ಕೆ ಉತ್ತರವಾಗಿ ನಮ್ಮ ಹತ್ತಿರ ಇರುವುದು ಈ ಚರಿತ್ರೆ. ಇಸ್ಲಾಮಿಗಿಂತ ಮೊದಲಿನ ಅರಬ್ಬಿ ಕವಿಯೂ ಈ ಬಣ್ಣ ಕಂಡ. ಮುಸ್ಲಿಮರು ಇದನ್ನು ಪ್ರೀತಿಯಿಂದ ಉಳಿಸಿಕೊಂಡರು, ಹಾಡಿದರು, ಚಿತ್ರಿಸಿದರು. ಯೆಮನಿನ ಯಹೂದಿ ಮದುಮಗಳೂ ಹಚ್ಚಿಕೊಂಡಳು. ಈಜಿಪ್ಟಿನ ಕ್ರೈಸ್ತರೂ ಹಚ್ಚಿಕೊಂಡರು. ನಮ್ಮ ಮದರಂಗಿ ಶಾಸ್ತ್ರವೂ ಇದೆ.

ಒಂದು ಗಿಡದ ಎಲೆಗೆ ಧರ್ಮದ ಚೀಟಿ ಅಂಟಿಸಿ ಕೈ ಕೈ ಪರೀಕ್ಷೆ ಮಾಡಲು ಹೊರಟ ಒಂದು ದೊಡ್ಡ ರಾಜ್ಯ ಏನು ಮಾಡಿತು ಎಂಬುದನ್ನು ಮೇಲೆ ಓದಿದಿರಿ. ಇನ್ನೊಬ್ಬರ ಅಂಗೈ ತಿರುಗಿಸಿ ನೋಡಿ ಅವರು ಯಾರು ಎಂದು ತೀರ್ಮಾನಿಸುವ ಕೆಲಸ ನಮ್ಮ ಊರುಗಳಿಗೆ ಬರುವುದು ಬೇಡ.

ನಿಮ್ಮ ಮನೆಯಲ್ಲಿ ಎಲೆ ಅರೆದು ಹಚ್ಚುತ್ತಿದ್ದ ಅಜ್ಜಿ, ದೊಡ್ಡಮ್ಮ ಯಾರಾದರೂ ಇದ್ದರೆ ಒಂದು ಕೆಲಸ ಮಾಡಿ. ಎಲೆಗೆ ಏನೇನು ಸೇರಿಸುತ್ತಿದ್ದರು, ಯಾವ ಹಬ್ಬಕ್ಕೆ ಹಚ್ಚುತ್ತಿದ್ದರು, ಹಚ್ಚುವಾಗ ಏನು ಹಾಡುತ್ತಿದ್ದರು ಎಂದು ಕೇಳಿ ಬರೆದಿಡಿ, ಅವರ ಹೆಸರು ಸಮೇತ. ಬಾಗ್ದಾದಿನ ಪುಸ್ತಕಗಳು ಹಚ್ಚಿದವಳ ಹೆಸರು ಬರೆದಿಡಲಿಲ್ಲ. ನಾವು ಬರೆದಿಡಬಹುದು.